ಬಾಸ್ ಮೀನಿಗೆ ಫ್ಲೈ ಕಟ್ಟುವ ಬಗೆ, ಬೀಸುವ ಬಗೆ

ಬಾಸ್ ಮೀನು ಫ್ಲೈಗೆ, ಅಂದರೆ ಕೊಕ್ಕೆಗೆ ಗರಿ, ಕೂದಲು ಕಟ್ಟಿ ಮಾಡಿದ ಕೃತಕ ಬೇಟೆಗೆ, ಬಾಯಿ ಹಾಕುವುದು ಬಹುಮಟ್ಟಿಗೆ ಆ ಫ್ಲೈ ಓಡಿ ನಿಂತ ಗಳಿಗೆಯಲ್ಲಿ. ನೀರಿನ ಮೇಲೆ ಬಿದ್ದ ಕೃತಕ ಕಪ್ಪೆಯೊಂದು ಒಮ್ಮೆ ಮಿಸುಕಿ ಸುಮ್ಮನಾಗುತ್ತದೆ, ಅದರ ಸುತ್ತ ಎದ್ದ ಅಲೆಯ ಬಳೆಗಳು ಹರಡಿ ಅಳಿಸಿಹೋಗುತ್ತವೆ, ಆ ನಿಶ್ಚಲತೆಯಲ್ಲಿ ಕೆಳಗೆ ಹೊಂಚು ಹಾಕಿ ನಿಂತಿದ್ದ ಮೀನು ಮೇಲೇರುತ್ತದೆ. ಆದುದರಿಂದ ಬಾಸ್‌ಗಾಗಿ ಫ್ಲೈ ಕಟ್ಟಲು ಕುಳಿತವರು ತಮ್ಮನ್ನು ತಾವು ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಎಳೆಯುವುದನ್ನು ನಿಲ್ಲಿಸಿದ ಮೇಲೆ ಇದು ನೀರಿನಲ್ಲಿ ಏನು ಮಾಡುತ್ತದೆ? ಗರಿ, ಕೂದಲು, ರಬ್ಬರ್ ಕಾಲುಗಳ ಆಯ್ಕೆಯಿಂದ ಹಿಡಿದು ಗಂಟು ಹಾಕುವ ರೀತಿ, ಲೈನ್ ಎಳೆಯುವ ಲಯ ಇವೆಲ್ಲವೂ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿವೆ. ಕಟ್ಟುವ ಕೆಲಸವನ್ನೂ ಬೀಸುವ ಕೆಲಸವನ್ನೂ ಬೇರೆ ಬೇರೆಯಾಗಿ ಕಲಿಯುವುದಕ್ಕಿಂತ ಒಟ್ಟಿಗೆ ಕಲಿಯುವುದು ಮೇಲು ಎಂದು ನಾನು ನಂಬಿರುವುದೂ ಇದೇ ಕಾರಣಕ್ಕೆ.

ಮೀನಿನ ಸ್ವಭಾವ

ಬಾಸ್ ಎಂಬ ಹೆಸರು ಹಲವು ಜಾತಿಯ ಮೀನುಗಳಿಗಿದೆ. ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕ ಮೂಲದ, ಮೈಕ್ರಾಪ್ಟೆರಸ್ ಕುಲಕ್ಕೆ ಸೇರಿದ ಸಿಹಿನೀರಿನ ಬಾಸ್‌ಗಳ ವಿಷಯ. ಅವುಗಳಲ್ಲಿಯೂ ಮುಖ್ಯವಾಗಿ ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್ ಎಂಬ ಎರಡರ ವಿಷಯ. ಬಾಯಿ ಮುಚ್ಚಿದಾಗ ಮೇಲ್ದವಡೆಯ ಹಿಂತುದಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಅದು ಲಾರ್ಜ್‌ಮೌತ್. ಕಣ್ಣಿನ ಕೆಳಗೇ ನಿಂತಿದ್ದರೆ ಸ್ಮಾಲ್‌ಮೌತ್. ಮೊದಲನೆಯದರ ಪಕ್ಕೆಯುದ್ದಕ್ಕೂ ಒಂದು ಕಪ್ಪು ಪಟ್ಟೆ ಹಾದುಹೋಗಿರುತ್ತದೆ. ಎರಡನೆಯದು ಕಂಚಿನ ಬಣ್ಣದ್ದು, ಅದರ ಮೈಮೇಲೆ ಮೇಲಿನಿಂದ ಕೆಳಕ್ಕಿಳಿದ ಗೆರೆಗಳಿರುತ್ತವೆ, ಕಣ್ಣು ಅನೇಕ ವೇಳೆ ಕೆಂಪಗಿರುತ್ತದೆ. ಲಾರ್ಜ್‌ಮೌತ್‌ಗೆ ಜೊಂಡು, ನೈದಿಲೆ, ಮುಳುಗಿದ ಮರಗಳಿರುವ ಬೆಚ್ಚನೆಯ ನಿಂತ ನೀರು ಇಷ್ಟ. ಸ್ಮಾಲ್‌ಮೌತ್ ಹೆಚ್ಚಾಗಿ ಕಲ್ಲುಬಂಡೆಗಳ ನಡುವೆ ಹರಿಯುವ, ತಿಳಿಯಾದ, ಕೊಂಚ ತಂಪಾದ ನೀರಿನ ಮೀನು.

ಎರಡೂ ಹೊಂಚುಗಾರರೇ. ಬೇಟೆ ಹತ್ತಿರ ಬಂದಾಗ ಬಾಸ್ ತನ್ನ ಬಾಯನ್ನು ಒಮ್ಮೆಲೇ ಅಗಲಿಸುತ್ತದೆ, ಆ ಖಾಲಿ ಜಾಗಕ್ಕೆ ನೀರು ನುಗ್ಗುವಾಗ ಬೇಟೆಯೂ ಅದರೊಡನೆ ಒಳಗೆ ಸೇರಿಬಿಡುತ್ತದೆ. ಒಳಗೆ ಬಂದದ್ದು ಗಟ್ಟಿಯಾಗಿ, ನಿರ್ಜೀವವಾಗಿ ತೋರಿದರೆ ಅಷ್ಟೇ ಬೇಗ ಉಗುಳಲೂ ಅದಕ್ಕೆ ಬರುತ್ತದೆ. ಮೃದುವಾದ ಗರಿ, ಮೊಲದ ಚರ್ಮದ ಪಟ್ಟಿ, ಜಿಂಕೆಯ ಕೂದಲು ಇವುಗಳಿಂದ ಕಟ್ಟಿದ ಫ್ಲೈಯನ್ನು ಅದು ಒಂದೆರಡು ಕ್ಷಣ ಹೆಚ್ಚಾಗಿ ಬಾಯಲ್ಲಿಟ್ಟುಕೊಳ್ಳುವುದರಿಂದ ನಮಗೆ ಅಷ್ಟು ಕಾಲಾವಕಾಶ ದೊರೆಯುತ್ತದೆ. ಮೈಪಕ್ಕದ ಸಂವೇದನಾ ರೇಖೆಯ ಮೂಲಕ ನೀರಿನ ಸಣ್ಣ ಕಂಪನವನ್ನೂ ಅದು ಗ್ರಹಿಸಬಲ್ಲದು. ಕದಡಿದ ನೀರಿನಲ್ಲಿಯೂ, ಕತ್ತಲಾದ ಮೇಲೆಯೂ ನೀರನ್ನು ತಳ್ಳಿಕೊಂಡು ಬರುವ ದಪ್ಪ ತಲೆಯ ಫ್ಲೈಗಳು ಕೆಲಸ ಮಾಡುವುದು ಹೀಗೆ. ಸಣ್ಣ ಮೀನು, ಕ್ರೇಫಿಶ್ (ಸೀಗಡಿಯಂಥ ಸಿಹಿನೀರಿನ ಜೀವಿ), ಕಪ್ಪೆ, ಏರೋಪ್ಲೇನ್ ಚಿಟ್ಟೆ, ಜಿಗಣೆ, ಬಾಯಿಗೆ ಹಿಡಿಯುವ ಯಾವುದನ್ನೂ ಅದು ಬಿಡುವುದಿಲ್ಲ. ಸ್ಮಾಲ್‌ಮೌತ್‌ಗಂತೂ ಕ್ರೇಫಿಶ್ ಬಲು ಪ್ರಿಯವಾದ ಆಹಾರ.

ರಾಡ್, ಲೈನ್, ಲೀಡರ್

ಸಾಮಾನ್ಯ ಗಾಳದಲ್ಲಿ ತುದಿಯ ಭಾರವು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಲೈನಿನ ಭಾರವೇ ಹಗುರವಾದ ಫ್ಲೈಯನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಲೈನಿನ ತೂಕ ಫ್ಲೈಗೆ ತಕ್ಕಂತಿರಬೇಕು. ಲೈನುಗಳ ಕ್ರಮಸಂಖ್ಯೆಯನ್ನು ಅವುಗಳ ಮೊದಲ 30 ಅಡಿಗಳ ತೂಕದ ಮೇಲೆ ನಿಗದಿಪಡಿಸಲಾಗಿದೆ: 5ನೇ ಸಂಖ್ಯೆಯ ಲೈನಿನ ಆ ಭಾಗ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗಿದರೆ, 8ನೇ ಸಂಖ್ಯೆಯದು 210 ಗ್ರೇನ್, ಸುಮಾರು 13.6 ಗ್ರಾಂ ತೂಗುತ್ತದೆ. ಟ್ರೌಟ್ ಮೀನಿಗೆಂದು ಕೊಂಡ 5ನೇ ಸಂಖ್ಯೆಯ ರಾಡಿನಿಂದ ಜಿಂಕೆ ಕೂದಲಿನ ದಪ್ಪ ಫ್ಲೈಯನ್ನು ಬೀಸಲು ಹೊರಟರೆ ಗಾಳಿಯನ್ನು ಸೀಳಿಕೊಂಡು ಹೋಗುವಷ್ಟು ಬಲ ಲೈನಿಗೆ ಇರುವುದಿಲ್ಲ, ಫ್ಲೈ ಅರ್ಧ ದಾರಿಯಲ್ಲೇ ಮುದುಡಿ ಬೀಳುತ್ತದೆ. 9 ಅಡಿ ಉದ್ದದ, 7 ಅಥವಾ 8ನೇ ಸಂಖ್ಯೆಯ ರಾಡ್ ಬಾಸ್‌ಗೆ ಸರಿಯಾದದ್ದು. ಹೊಳೆಯ ಸ್ಮಾಲ್‌ಮೌತ್‌ಗೆ ಮಾತ್ರವಾದರೆ 6 ಸಾಕು. ಎಲೆಗಳ ನಡುವಿನಿಂದ ಲಾರ್ಜ್‌ಮೌತ್ ಎಳೆಯುವುದಿದ್ದರೆ 8 ಬೇಕು.

ತೇಲುವ ಲೈನ್ ಒಂದಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಅದನ್ನು ಆರಿಸುವಾಗ ಮುಂಭಾಗದಲ್ಲಿ ತೂಕ ಒತ್ತಾಗಿರುವ, ಮೊನಚು ಗಿಡ್ಡದಾಗಿರುವ, ಬಾಸ್‌ಗೆಂದೇ ಮಾಡಿದ ಬಗೆಯನ್ನು ಆರಿಸಿಕೊಳ್ಳಿ. ಲೈನಿನ ತುದಿಗೂ ಫ್ಲೈಗೂ ನಡುವೆ ಕಟ್ಟುವ ದಾರವಾದ ಲೀಡರ್‌ಗೆ ಸೂಕ್ಷ್ಮತೆ ಬೇಕಿಲ್ಲ. 40 ಪೌಂಡ್ ಶಕ್ತಿಯ ಮೊನೊ (ಒಂಟಿ ಎಳೆಯ) ದಾರ 4 ಅಡಿ, 25 ಪೌಂಡಿನದು 2 ಅಡಿ, 16 ಅಥವಾ 12 ಪೌಂಡಿನದು 2 ಅಡಿ, ಇವನ್ನು ಒಂದಕ್ಕೊಂದು ಗಂಟು ಹಾಕಿದರೆ ಲೀಡರ್ ಸಿದ್ಧ. ಮುಳುಗುವ ಲೈನ್ ಬಳಸುವಾಗ 3-4 ಅಡಿಯ ಒಂದೇ ತುಂಡು ಸಾಕು, ಏಕೆಂದರೆ ಲೀಡರ್ ಉದ್ದವಾದಷ್ಟೂ ಲೈನ್ ಕೆಳಗಿಳಿದು ಫ್ಲೈ ಮೇಲೆ ಉಳಿಯುತ್ತದೆ.

ಗಂಟಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಕೊಕ್ಕೆಯ ಕಣ್ಣಿಗೆ ಬಿಗಿಯಾಗಿ ಕೂರುವ ಗಂಟು ಫ್ಲೈಯನ್ನು ಲೀಡರ್‌ನ ದಪ್ಪ ದಾರಕ್ಕೆ ಕಟ್ಟಿಹಾಕಿ ಅದರ ನಡೆಯನ್ನು ಕೊಲ್ಲುತ್ತದೆ. ಜಾರದ ಕುಣಿಕೆಯ ಗಂಟಿನಲ್ಲಿ ಫ್ಲೈ ಬಿಡುಬೀಸಾಗಿ ತಲೆಯಾಡಿಸುತ್ತದೆ. ದಾರದ ತುದಿಯಿಂದ ಒಂದು ಗೇಣು ಬಿಟ್ಟು ಸಡಿಲವಾದ ಒಂಟಿಗಂಟು ಹಾಕಿ, ತುದಿಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಅದು ಒಂಟಿಗಂಟಿನ ಯಾವ ಬದಿಯಿಂದ ಹೊರಬಂದಿತ್ತೋ ಅದೇ ಬದಿಯಿಂದ ಮತ್ತೆ ಗಂಟಿನೊಳಗೆ ಹಾಯಿಸಿ. ಬಳಿಕ ಮುಖ್ಯ ದಾರದ ಸುತ್ತ 4 ಅಥವಾ 5 ಸುತ್ತು ಸುತ್ತಿ, ತುದಿಯನ್ನು ಪುನಃ ಆ ಒಂಟಿಗಂಟಿನೊಳಗೇ ಬಂದ ದಾರಿಯಲ್ಲಿ ತೂರಿಸಿ, ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಕುಣಿಕೆ ಕಡಲೆಕಾಳಿನಷ್ಟಿದ್ದರೆ ಸಾಕು.

ಕಟ್ಟುವ ಮೇಜಿನ ಮೇಲೆ

ಕೊಕ್ಕೆಯನ್ನು ಅಲ್ಲಾಡದಂತೆ ಕಚ್ಚಿ ಹಿಡಿಯುವ ವೈಸ್, ದಾರದ ಉಂಡೆ ಕೂರಿಸುವ ಬಾಬಿನ್, ಚೂಪಾದ ಕತ್ತರಿ, ಕೊನೆಯ ಗಂಟಿಗೆ ವಿಪ್ ಫಿನಿಶರ್, ಒಂದು ಸಣ್ಣ ಬಾಚಣಿಗೆ ಇಷ್ಟಿದ್ದರೆ ಶುರು ಮಾಡಬಹುದು. ಕೊಕ್ಕೆಯ ಹಿಮ್ಮುಳ್ಳನ್ನು ಕಟ್ಟುವ ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಕೆಲವೊಮ್ಮೆ ಈ ಒತ್ತಡಕ್ಕೆ ಕೊಕ್ಕೆಯೇ ಮುರಿಯುವುದುಂಟು, ಅದು ಕಟ್ಟಿ ಮುಗಿಸಿದ ಮೇಲೆ ಮುರಿಯುವುದಕ್ಕಿಂತ ಈಗಲೇ ಮುರಿಯುವುದು ಒಳ್ಳೆಯದು.

ಮೊದಲು ಕಲಿಯಬೇಕಾದ ಫ್ಲೈ ವೂಲಿ ಬಗರ್. ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಇದನ್ನು ರೂಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಸ್ಮಾಲ್‌ಮೌತ್ ಬಾಸ್ ತಿನ್ನುವ ಹೆಲ್‌ಗ್ರಮೈಟ್ ಎಂಬ ಕಲ್ಲಡಿಯ ಮರಿಹುಳು. ಈಗ ಇದು ಜಿಗಣೆ, ಕ್ರೇಫಿಶ್, ಸಣ್ಣ ಮೀನು ಹೀಗೆ ಹಲವು ಜೀವಿಗಳ ಪಾತ್ರ ವಹಿಸುತ್ತದೆ. ಉದ್ದ ದಂಡದ 4ರಿಂದ 8ರವರೆಗಿನ ಅಳತೆಯ ಕೊಕ್ಕೆಯನ್ನು ವೈಸ್‌ಗೆ ಸಿಕ್ಕಿಸಿ, ದಂಡದ ಮುಂದಿನ ಅರ್ಧಕ್ಕೆ ಸೀಸವಲ್ಲದ ಭಾರದ ತಂತಿಯನ್ನು 15 ಸುತ್ತು ಸುತ್ತಿ, ಅದರ ಮೇಲೆ ದಾರವನ್ನು ಹಿಂದೆ ಮುಂದೆ ಓಡಿಸಿ ಭದ್ರಪಡಿಸಿ. ಬಾಗು ಶುರುವಾಗುವಲ್ಲಿ ಮರಬು ಎಂಬ ಬಲು ಮೃದುವಾದ ಗರಿಯ ಒಂದು ಗೊಂಚಲನ್ನು ಬಾಲವಾಗಿ ಕಟ್ಟಿ. ಅದರ ಉದ್ದ ದಂಡದ ಉದ್ದಕ್ಕೆ ಸಮವಾಗಿರಲಿ. ಅದಕ್ಕಿಂತ ಹೆಚ್ಚಾದರೆ ಮೀನು ಬಾಲವನ್ನಷ್ಟೇ ಕಚ್ಚಿ ಬಿಡುತ್ತದೆ, ಬೀಸುವಾಗ ಬಾಲ ಬಾಗಿಗೆ ಸುತ್ತಿಕೊಳ್ಳುತ್ತದೆ.

ಅದೇ ಜಾಗದಲ್ಲಿ ತೆಳು ತಾಮ್ರದ ತಂತಿಯ ಒಂದು ತುಂಡನ್ನೂ ಶೆನಿಲ್ ಎಂಬ ದಪ್ಪನೆಯ ತುಪ್ಪಳದ ದಾರವನ್ನೂ ಕಟ್ಟಿ, ಕಟ್ಟುವ ದಾರವನ್ನು ಕೊಕ್ಕೆಯ ಕಣ್ಣಿನ ಹಿಂದಕ್ಕೆ ತನ್ನಿ. ಶೆನಿಲ್ಲನ್ನು ಸುತ್ತುಗಳ ನಡುವೆ ಸಂದು ಬಿಡದೆ ಮುಂದಕ್ಕೆ ಸುತ್ತಿ ಕಣ್ಣಿನಿಂದ ಒಂದಿಷ್ಟು ಜಾಗ ಬಿಟ್ಟು ಕಟ್ಟಿ ಕತ್ತರಿಸಿ. ಈಗ ಹ್ಯಾಕಲ್ ಗರಿಯನ್ನು (ಕೋಳಿಯ ಕೊರಳಿನ ಅಥವಾ ಬೆನ್ನಿನ ಉದ್ದ ಗರಿ) ಬುಡದ ಕಡೆಯಿಂದ ಮುಂದೆ ಕಟ್ಟಿ, 5-6 ಅಗಲ ಸುತ್ತುಗಳಲ್ಲಿ ಹಿಂದಕ್ಕೆ ಒಯ್ಯಿರಿ. ಬಾಲದ ಬಳಿ ಗರಿಯ ತುದಿಯನ್ನು ತಾಮ್ರದ ತಂತಿಯಿಂದ ಹಿಡಿದು, ತಂತಿಯನ್ನು ಗರಿಗೆ ಎದುರು ದಿಕ್ಕಿನಲ್ಲಿ ಮುಂದಕ್ಕೆ ಸುತ್ತುತ್ತ ಬನ್ನಿ. ಎಳೆಗಳು ತಂತಿಯಡಿ ಸಿಕ್ಕಿಕೊಳ್ಳದಂತೆ ಅದನ್ನು ಅತ್ತಿತ್ತ ಅಲುಗಿಸುತ್ತ ಸುತ್ತಬೇಕು. ಎದುರು ದಿಕ್ಕಿನ ಈ ತಂತಿಯೇ ಗರಿಯ ನಡುನರವನ್ನು ಬಾಸ್‌ನ ಒರಟು ಹಲ್ಲುಪಟ್ಟಿಯಿಂದ ಕಾಪಾಡುವುದು. ಮುಂದೆ ತಂತಿಯನ್ನು ಕಟ್ಟಿ, ತಲೆಯನ್ನು ದಾರದಿಂದ ದುಂಡಗೆ ಮಾಡಿ, ವಿಪ್ ಫಿನಿಶ್ ಹಾಕಿ, ಅಂಟು ಸವರಿ. ಕಪ್ಪು ಮತ್ತು ಆಲಿವ್ ಎರಡೇ ಬಣ್ಣ ಸಾಕು. ಕಟ್ಟಿದ್ದನ್ನು ಒಂದು ಗಾಜಿನ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ನೋಡಿ: ಕೈ ಅಲ್ಲಾಡದಿದ್ದರೂ ಮರಬು ಉಸಿರಾಡುವಂತೆ ಅರಳಿ ಮುದುಡಬೇಕು.

ಎರಡನೆಯದು ಕ್ಲೌಸರ್ ಮಿನ್ನೋ. 1980ರ ದಶಕದಲ್ಲಿ ಬಾಬ್ ಕ್ಲೌಸರ್ ಇದನ್ನು ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್‌ಗಳಿಗಾಗಿ ಕಟ್ಟಿದರು. ಇದರ ಜಾಣತನವೆಲ್ಲ ಕೊಕ್ಕೆಯ ದಂಡದ ಮೇಲೆ ಅಡ್ಡಲಾಗಿ ಕಟ್ಟುವ ಡಂಬೆಲ್ ಆಕಾರದ ಲೋಹದ ಕಣ್ಣುಗಳಲ್ಲಿದೆ. ಆ ಭಾರಕ್ಕೆ ಕೊಕ್ಕೆ ನೀರಿನಲ್ಲಿ ಮಗುಚಿಕೊಂಡು ಮೊನೆ ಮೇಲಾಗಿ ಸಾಗುತ್ತದೆ, ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಎಳೆತ ನಿಂತೊಡನೆ ಮೂಗು ಮುಂದಾಗಿ ಕೆಳಗೆ ಬೀಳುತ್ತದೆ, ಗಾಯಗೊಂಡ ಮರಿಮೀನು ತಳಕ್ಕೆ ಧಾವಿಸುವ ಹಾಗೆ. ಡಂಬೆಲ್ಲನ್ನು ಕೊಕ್ಕೆಯ ಕಣ್ಣಿನಿಂದ ದಂಡದ ಮೂರನೇ ಒಂದು ಭಾಗದಷ್ಟು ಹಿಂದೆ ಇಟ್ಟು, ಎಂಟರ ಆಕಾರದಲ್ಲಿ ಎರಡೂ ಕಡೆ ಹತ್ತಾರು ಸುತ್ತು ಹಾಕಿ, ನಂತರ ಡಂಬೆಲ್ಲಿಗೂ ದಂಡಕ್ಕೂ ನಡುವೆ ಅಡ್ಡಡ್ಡಲಾಗಿ ದಾರವನ್ನು ಸುತ್ತಿ ಬಿಗಿದು, ಒಂದು ಹನಿ ಅಂಟು ಬಿಡಿ. ಇದು ಸಡಿಲವಾಗಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಬಿಳಿಯ ಬಕ್‌ಟೇಲ್, ಅಂದರೆ ಜಿಂಕೆಯ ಬಾಲದ ಕೂದಲಿನ ಸಣ್ಣ ಗೊಂಚಲನ್ನು ಡಂಬೆಲ್ಲಿನ ಮುಂದೆ ಕಟ್ಟಿ, ಎರಡು ಕಣ್ಣುಗಳ ನಡುವಿನ ತಗ್ಗಿನಲ್ಲಿ ಹಾಯಿಸಿ, ಹಿಂದೆಯೂ ಕೆಲವು ಸುತ್ತು ಹಾಕಿ. ಈಗ ಕೊಕ್ಕೆಯನ್ನು ವೈಸ್‌ನಲ್ಲಿ ತಲೆಕೆಳಗು ಮಾಡಿ, ಮಿನುಗುವ ನಾಲ್ಕಾರು ಎಳೆಗಳನ್ನೂ ಅವುಗಳ ಮೇಲೆ ಗಾಢ ಹಸಿರುಹಳದಿ ಅಥವಾ ಕಂದು ಬಣ್ಣದ ಬಕ್‌ಟೇಲನ್ನೂ ಡಂಬೆಲ್ಲಿನ ಮುಂದೆ ಮಾತ್ರ ಕಟ್ಟಿ. ಒಟ್ಟು ಉದ್ದ ದಂಡದ ಎರಡರಿಂದ ಮೂರು ಪಟ್ಟು ಇರಲಿ. ಹೊಸಬರೆಲ್ಲ ಇಲ್ಲಿ ಮಾಡುವ ತಪ್ಪು ಒಂದೇ, ಕೂದಲು ಹೆಚ್ಚು ಹಾಕುವುದು. ಒಣಗಿದ್ದಾಗ ಬಡಕಲಾಗಿ ಕಂಡರೂ ಪರವಾಗಿಲ್ಲ. ಫ್ಲೈಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಿಸಬೇಕು. ಕೂದಲು ದಟ್ಟವಾದರೆ ಭಾರದ ಕಣ್ಣುಗಳಿದ್ದೂ ಅದು ಬೇಗ ಮುಳುಗದು.

ಜಿಂಕೆ ಕೂದಲಿನ ಫ್ಲೈ

ಬಾಸ್ ಫ್ಲೈಗಳಲ್ಲಿ ಕೈಗೆ ಹೆಚ್ಚು ಕೆಲಸ ಕೊಡುವುದೂ, ಕೊನೆಗೆ ಹೆಚ್ಚು ಸಂತೋಷ ಕೊಡುವುದೂ ಇದೇ. ಜಿಂಕೆಯ ಹೊಟ್ಟೆಭಾಗದ ಕೂದಲು ಒರಟು, ಅದರೊಳಗೆ ಗಾಳಿ ತುಂಬಿದ ಕೋಶಗಳಿರುತ್ತವೆ. ಈ ಗಾಳಿಯಿಂದಾಗಿ ಅದು ತೇಲುತ್ತದೆ. ದಾರದಿಂದ ಬಿಗಿದಾಗ ಒಳಗಿನ ಕೋಶಗಳು ನಜ್ಜಿ ಕೂದಲು ಎಲ್ಲ ದಿಕ್ಕಿಗೂ ಅರಳಿ ನಿಲ್ಲುತ್ತದೆ. ಹೀಗೆ ಅರಳಿದ ಗೊಂಚಲುಗಳನ್ನು ಒತ್ತೊತ್ತಾಗಿ ಜೋಡಿಸಿ ಬ್ಲೇಡಿನಿಂದ ಕೆತ್ತಿದರೆ ಬೆಂಡಿನಂಥ ದೇಹ ರೂಪುಗೊಳ್ಳುತ್ತದೆ, ಆದರೆ ಬೆಂಡಿಗಿಲ್ಲದ ಮೃದುತ್ವ ಅದಕ್ಕಿರುತ್ತದೆ. ಬೆಂಡಿನಿಂದ ಅಥವಾ ಫೋಮಿನಿಂದ ಮಾಡಿದ, ಪಾಪ್ಪರ್ ಎಂಬ ತೇಲುವ ಫ್ಲೈ ಹೆಚ್ಚು ಬಾಳಿಕೆ ಬರುತ್ತದೆ, ಬೇಗ ತಯಾರಾಗುತ್ತದೆ, ಒಳ್ಳೆಯ ಸದ್ದನ್ನೂ ಮಾಡುತ್ತದೆ. ಮೀನು ಬಾಯಲ್ಲಿ ಹಿಡಿದಿಟ್ಟುಕೊಳ್ಳುವ ವಿಷಯಕ್ಕೆ ಬಂದರೆ ನನ್ನ ಮತ ಕೂದಲಿಗೇ.

ಇದಕ್ಕೆ ಮೊನೆಗೂ ದಂಡಕ್ಕೂ ನಡುವಿನ ತೆರಪು ಅಗಲವಾಗಿರುವ, ಸ್ಟಿಂಗರ್ ಎಂದು ಕರೆಯುವ 2 ಅಥವಾ 4ನೇ ಅಳತೆಯ ಕೊಕ್ಕೆ ಬೇಕು. ದಾರ ಜಿಎಸ್‌ಪಿ (ಬಲು ಗಟ್ಟಿಯಾದ ಪಾಲಿಎಥಿಲೀನ್) ಬಗೆಯದಾಗಿದ್ದು ಅದರ ದಪ್ಪ 200 ಡೆನಿಯರ್ ಆಸುಪಾಸಿನಲ್ಲಿರಲಿ, ಏಕೆಂದರೆ ಕೂದಲು ಅರಳುವಷ್ಟು ಬಿಗಿಯಲು ಹೋದರೆ ಮಾಮೂಲಿ ದಾರ ತುಂಡಾಗುತ್ತದೆ. ದಂಡದ ಹಿಂದಿನ ಮೂರನೇ ಒಂದು ಭಾಗದಲ್ಲಿ ಎರಡೆರಡು ಹ್ಯಾಕಲ್ ಗರಿಗಳನ್ನು ಹೊರಮುಖವಾಗಿ ಬಾಗಿರುವಂತೆ ಇಬ್ಬದಿಗೂ ಕಟ್ಟಿದರೆ ಕಪ್ಪೆಯ ಹಿಂಗಾಲುಗಳಾದವು. ಅವುಗಳ ಬುಡ ಮುಚ್ಚುವಂತೆ ಮರಬುವನ್ನೋ ಇನ್ನೊಂದು ಹ್ಯಾಕಲನ್ನೋ ಸುತ್ತಿ. ದಂಡದ ಉಳಿದ ಭಾಗ ಬರಿದಾಗಿಯೇ ಇರಲಿ. ಅಲ್ಲಿ ದಾರ ಸುತ್ತಿದ್ದರೆ ಕೂದಲು ಸರಾಗವಾಗಿ ತಿರುಗುವುದಿಲ್ಲ.

ಪೆನ್ಸಿಲ್ ದಪ್ಪದ ಒಂದು ಗೊಂಚಲನ್ನು ಚರ್ಮದ ಹತ್ತಿರದಿಂದ ಕತ್ತರಿಸಿ, ಬುಡದಲ್ಲಿರುವ ನಯವಾದ ಒಳತುಪ್ಪಳವನ್ನು ಬಾಚಣಿಗೆಯಿಂದ ಪೂರ್ತಿ ತೆಗೆಯಿರಿ. ಈ ಒಂದು ಕೆಲಸದಲ್ಲಿ ಅವಸರ ಪಟ್ಟರೆ ಕೂದಲು ಅರಳದೆ ಮುದ್ದೆಯಾಗುತ್ತದೆ. ತುದಿಗಳನ್ನು ಕತ್ತರಿಸಿ ಗೊಂಚಲನ್ನು ದಂಡಕ್ಕೆ ಅಡ್ಡವಾಗಿ ಹಿಡಿದು, ಅದರ ನಡುವೆ ಎರಡು ಸಡಿಲ ಸುತ್ತು ಹಾಕಿ, ಮೂರನೆಯ ಸುತ್ತಿಗೆ ದಾರವನ್ನು ಬಿಗಿಯುತ್ತಿರುವಂತೆಯೇ ಕೈಬಿಡಿ. ಕೂದಲು ದಂಡದ ಸುತ್ತ ತಾನಾಗಿ ಉರುಳಿ ಅರಳುತ್ತದೆ. ಅರಳಿದ ಕೂದಲಿನ ನಡುವೆಯೇ ದಾರವನ್ನು ಅತ್ತಿತ್ತ ಆಡಿಸುತ್ತ ಇನ್ನೂ ಮೂರು ನಾಲ್ಕು ಸುತ್ತು ಹಾಕಿ ಮುಂದಕ್ಕೆ ತನ್ನಿ. ಇನ್ನು ಒತ್ತುವ ಕೆಲಸ: ಎಡಗೈ ಬೆರಳುಗಳಿಂದ ಹಿಂಬದಿಗೆ ಆಸರೆ ಕೊಟ್ಟು, ಬಾಲ್‌ಪೆನ್ನಿನ ಖಾಲಿ ಕೊಳವೆಯನ್ನು ಕೊಕ್ಕೆಯ ಕಣ್ಣಿನ ಮೇಲಿಂದ ತೂರಿಸಿ ಗೊಂಚಲನ್ನು ಹಿಂದಕ್ಕೆ ಬಲವಾಗಿ ಒತ್ತಿ. ಪ್ರತಿ ಗೊಂಚಲಿಗೂ ಇದನ್ನು ಮಾಡಬೇಕು. ಸಡಿಲವಾಗಿ ಜೋಡಿಸಿದ ದೇಹ ಎರಡು ಮೀನು ಹಿಡಿಯುವಷ್ಟರಲ್ಲಿ ನೀರು ಕುಡಿದು ಮುಳುಗುತ್ತದೆ. ಒತ್ತಾಗಿ ಕೂರಿಸಿದ್ದು ದಿನವಿಡೀ ತೇಲುತ್ತದೆ. ಎರಡನೆಯ ಮತ್ತು ಮೂರನೆಯ ಗೊಂಚಲುಗಳ ನಡುವೆ ಪ್ರತಿ ಪಕ್ಕಕ್ಕೂ ಎರಡರಂತೆ ರಬ್ಬರ್ ಕಾಲುಗಳನ್ನು ಸೇರಿಸಿ. ಫ್ಲೈ ನಿಶ್ಚಲವಾಗಿದ್ದರೂ ಈ ಕಾಲುಗಳು ತುಸುಹೊತ್ತು ನಡುಗುತ್ತಿರುತ್ತವೆ, ಮೀನಿನ ಕಣ್ಣು ಇರುವುದು ಅಲ್ಲೇ.

ಕಣ್ಣಿನವರೆಗೆ ತುಂಬಿದ ಮೇಲೆ ದಾರ ಮುಗಿಸಿ, ವೈಸ್‌ನಿಂದ ತೆಗೆದು, ಕುದಿಯುವ ನೀರಿನ ಹಬೆಗೆ ಕೆಲ ಸೆಕೆಂಡು ಹಿಡಿಯಿರಿ. ಒತ್ತಿಹೋಗಿದ್ದ ಕೂದಲುಗಳು ಎದ್ದು ನಿಂತು ಕತ್ತರಿಸಲು ಹದವಾಗುತ್ತವೆ. ಕೆತ್ತಲು ಎರಡಂಚಿನ ಶೇವಿಂಗ್ ಬ್ಲೇಡಿಗೆ ಸಮನಾದದ್ದಿಲ್ಲ. ಕಾಗದದೊಳಗೇ ಇಟ್ಟು ಉದ್ದಕ್ಕೆ ಎರಡಾಗಿ ಮುರಿದುಕೊಂಡರೆ ಬೆರಳಿಗೆ ಅಪಾಯ ಕಡಿಮೆ. ಮೊದಲು ಹೊಟ್ಟೆಯ ಭಾಗವನ್ನು ದಂಡಕ್ಕೆ ಆದಷ್ಟು ಹತ್ತಿರವಾಗಿ ಚಪ್ಪಟೆ ಕತ್ತರಿಸಬೇಕು. ಇಲ್ಲಿ ಕೂದಲು ಉಳಿದರೆ ಕೊಕ್ಕೆಯ ತೆರಪು ಮುಚ್ಚಿಹೋಗಿ ಮೀನು ಕಚ್ಚಿದರೂ ಮೊನೆ ನಾಟುವುದಿಲ್ಲ. ಎಷ್ಟೋ ಸುಂದರವಾದ ಫ್ಲೈಗಳು ಈ ಒಂದು ತಪ್ಪಿನಿಂದ ನಿಷ್ಪ್ರಯೋಜಕವಾಗುತ್ತವೆ. ಆಮೇಲೆ ಬ್ಲೇಡನ್ನು ಬೆರಳುಗಳ ನಡುವೆ ಕಮಾನಿನಂತೆ ಬಾಗಿಸಿ ಬೆನ್ನನ್ನೂ ಪಕ್ಕೆಗಳನ್ನೂ ರೂಪಿಸಿ. ರಬ್ಬರ್ ಕಾಲುಗಳ ಬಳಿ ಮಾತ್ರ ಕತ್ತರಿ ಬಳಸಿ. ಮುಖವನ್ನು ನೇರವಾಗಿ ಕತ್ತರಿಸಿದರೆ ಎಳೆದಾಗ ಗುಳಕ್ ಎನ್ನುತ್ತದೆ. ಮುಖವನ್ನು ಚೂಪಾಗಿಸಿ ಅದರ ಹಿಂದೆ ಕೂದಲಿನ ಕೊರಳಪಟ್ಟಿಯೊಂದನ್ನು ಉಳಿಸಿದರೆ ನೀರಿನೊಳಗೆ ಮುಳುಗಿ ಮತ್ತೆ ಮೇಲೇಳುತ್ತದೆ. ಲ್ಯಾರಿ ಡಾಲ್‌ಬರ್ಗ್ ಅವರ ಹೆಸರು ಹೊತ್ತ ಡೈವರ್ ಈ ಎರಡನೆಯ ಬಗೆಯದು. ಮುಖಕ್ಕೂ ಹೊಟ್ಟೆಗೂ ತೆಳುವಾಗಿ ಅಂಟು ಸವರಿದರೆ ಆಕಾರ ಕೆಡದೆ ಉಳಿಯುತ್ತದೆ.

ಜೊಂಡಿನ ನಡುವೆ ಬೀಸುವ ಫ್ಲೈಗೆ ಕಳೆತಡೆ ಇರಲಿ. ಕಟ್ಟುವ ಆರಂಭದಲ್ಲೇ 20-25 ಪೌಂಡಿನ ಗಡಸು ಮೊನೊ ದಾರದ ಒಂದು ತುದಿಯನ್ನು ಬಾಗಿನ ಮೇಲೆ ಕಟ್ಟಿಟ್ಟು, ಕೊನೆಯಲ್ಲಿ ಅದನ್ನು ಮೊನೆಯ ಕೆಳಗೆ ಕಮಾನಾಗಿ ತಂದು ಕಣ್ಣಿನ ಹಿಂದೆ ಬಿಗಿದರಾಯಿತು.

ಬೀಸುವುದು

ಗಾಳಿಗೆ ಅಡ್ಡ ನಿಲ್ಲುವ ಇಂಥ ಫ್ಲೈಯನ್ನು ಬೀಸುವಾಗ ಬಲ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ, ನಿಧಾನಿಸುವುದರಿಂದ ಇದೆ. ಹಿಂದಕ್ಕೆ ಬೀಸಿದ ಲೈನ್ ಪೂರ್ತಿ ಬಿಚ್ಚಿಕೊಂಡು ರಾಡಿನ ತುದಿಯನ್ನು ಹಿಂದಕ್ಕೆ ಜಗ್ಗುವ ತನಕ ಕಾಯಿರಿ. ಆ ಜಗ್ಗು ಕೈಗೆ ತಿಳಿದ ಮೇಲೆಯೇ ಮುಂದಕ್ಕೆ ಬೀಸಿ. ಭಾರದ ಕ್ಲೌಸರ್‌ಗೆ ಅಂಡಾಕಾರದ ಬೀಸು ಒಳ್ಳೆಯದು, ಅಂದರೆ ಹಿಂಬೀಸನ್ನು ಪಕ್ಕದಿಂದ ತಗ್ಗಾಗಿ ಒಯ್ದು, ಎಲ್ಲೂ ತಡೆಯದೆ ಸುತ್ತಿಸಿ, ಮುಂಬೀಸನ್ನು ತಲೆಯ ಮೇಲಿಂದ ತರುವುದು. ಗಾಳಿ ಬೀಸುಗೈಯ ಕಡೆಯಿಂದ ಬರುತ್ತಿದ್ದರೆ ಫ್ಲೈ ನಿಮ್ಮ ಮುಖಕ್ಕೇ ಬರಬಹುದು, ಆಗ ಗುರಿಗೆ ಬೆನ್ನು ಮಾಡಿ ನಿಂತು ಹಿಂಬೀಸಿನಲ್ಲೇ ಫ್ಲೈಯನ್ನು ನೀರಿಗಿಳಿಸಿ. ಕನ್ನಡಕ ಮತ್ತು ಟೋಪಿ ಇಲ್ಲದೆ ಈ ಫ್ಲೈಗಳನ್ನು ಎಂದಿಗೂ ಬೀಸಬಾರದು. ದೂರದ ಬಗ್ಗೆ ಚಿಂತೆ ಬೇಡ. 40 ಅಡಿಯಲ್ಲಿ ಒಂದು ನೈದಿಲೆ ಎಲೆಯ ಪಕ್ಕಕ್ಕೆ ತಪ್ಪದೆ ಬೀಳಿಸುವವರಿಗೆ, 80 ಅಡಿ ಎಸೆದು ಎಲ್ಲೋ ಬೀಳಿಸುವವರಿಗಿಂತ ಹೆಚ್ಚು ಮೀನು ಸಿಗುತ್ತದೆ.

ಕೆರೆಯಲ್ಲಾದರೆ ಎಲೆಗಳ ಅಂಚು, ಬಿದ್ದ ಮರದ ನೆರಳು, ದೋಣಿಕಟ್ಟೆಯ ಕೆಳಭಾಗ, ಆಳಕ್ಕೂ ತೆಳುವಿಗೂ ನಡುವಿನ ಇಳಿಜಾರು ಇವನ್ನು ನೋಡಿ. ಹೊಳೆಯಲ್ಲಾದರೆ ಬಂಡೆಯ ಮುಂದಿನ ಮತ್ತು ಹಿಂದಿನ ಸುಮ್ಮನಿರುವ ನೀರು, ವೇಗದ ಸೆಳವೂ ನಿಧಾನದ ಸೆಳವೂ ಕೂಡುವ ಗೆರೆ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಮೀನು ಜಡವಾಗಿರುತ್ತದೆ. ಆಗ ತಳದಲ್ಲಿ ಬಹು ನಿಧಾನವಾಗಿ ನಡೆಸುವ ಬಗರ್ ಬಿಟ್ಟು ಬೇರೆ ದಾರಿಯಿಲ್ಲ. 15 ದಾಟಿದ ಮೇಲೆ ಮೇಲ್ಮೈ ಫ್ಲೈಗಳಿಗೆ ಕಾಲ ಬರುತ್ತದೆ. ಕಡುಬೇಸಿಗೆಯಲ್ಲಿ ನಸುಕು ಮತ್ತು ಮುಸ್ಸಂಜೆಗಳು ಅವುಗಳ ಹೊತ್ತು, ನಡುಹಗಲು ಕ್ಲೌಸರ್‌ನದು.

ಮೇಲ್ಮೈ ಫ್ಲೈ ನೀರಿಗೆ ಬಿದ್ದೊಡನೆ ಏನನ್ನೂ ಮಾಡಬೇಡಿ. ರಾಡಿನ ತುದಿಯನ್ನು ನೀರಿಗೆ ತಾಗುವಷ್ಟು ತಗ್ಗಿಸಿ, ಸಡಿಲಾದ ಲೈನನ್ನು ಫ್ಲೈ ಅಲುಗದಂತೆ ಎಳೆದುಕೊಳ್ಳಿ, ಬಿದ್ದಾಗ ಎದ್ದ ಬಳೆಗಳು ಕಾಣದಾಗುವವರೆಗೆ ಕಾಯಿರಿ. ನಂತರ ಎಡಗೈಯಿಂದ ನಾಲ್ಕು ಬೆರಳಗಲ ಚುರುಕಾಗಿ ಎಳೆಯಿರಿ, ಮತ್ತೆ ಕಾಯಿರಿ. ಈ ಕಾಯುವಿಕೆ ಮೂರು ಸೆಕೆಂಡೋ ಹದಿನೈದು ಸೆಕೆಂಡೋ ಎಂಬುದನ್ನು ಆ ದಿನದ ಮೀನೇ ಹೇಳಬೇಕು. ಬೇರೆ ಬೇರೆ ಅಂತರಗಳನ್ನು ಪ್ರಯತ್ನಿಸಿ, ಯಾವುದಕ್ಕೆ ಮೀನು ಬಂತೋ ಅದನ್ನು ನೆನಪಿಟ್ಟುಕೊಳ್ಳಿ. ಕ್ಲೌಸರ್‌ಗೆ ಎಳೆತ ಒಂದಡಿಯಷ್ಟಿರಲಿ, ಎರಡು ಎಳೆತ ಮತ್ತು ಒಂದು ಬೀಳುವಿಕೆ. ಅದು ಬೀಳುವಾಗ ಹಿಡಿದ ಮೀನು ಕೈಗೆ ತಿಳಿಯುವುದಿಲ್ಲ. ತೇಲುವ ಲೈನಿನ ತುದಿ ಪಕ್ಕಕ್ಕೆ ಸರಿದರೆ ಅಥವಾ ಅಕಾಲದಲ್ಲಿ ನಿಂತರೆ ಅದೇ ಸುಳಿವು.

ಮೀನು ಹಿಡಿದಾಗ ರಾಡನ್ನು ಮೇಲೆತ್ತುವುದು ಸಹಜವಾದ ಪ್ರತಿಕ್ರಿಯೆ, ಅದೇ ದೊಡ್ಡ ತಪ್ಪೂ ಹೌದು. ರಾಡ್ ಬಾಗಿ ಬಲವೆಲ್ಲ ಅದರಲ್ಲೇ ಕರಗಿಹೋಗುತ್ತದೆ, ಬಾಸ್‌ನ ಗಟ್ಟಿ ದವಡೆಗೆ ದಪ್ಪ ಕೊಕ್ಕೆ ನಾಟುವುದಿಲ್ಲ, ಮೀನು ತಪ್ಪಿಸಿಕೊಂಡರೆ ಫ್ಲೈ ನೀರಿನಿಂದಲೇ ಹಾರಿಬರುತ್ತದೆ. ರಾಡ್ ಮೀನಿನತ್ತಲೇ ನೇರವಾಗಿರಲಿ, ಎಡಗೈಯಿಂದ ಲೈನನ್ನು ಉದ್ದವಾಗಿ, ಬಿಗಿಯಾಗಿ ಹಿಂದಕ್ಕೆಳೆಯಿರಿ. ಭಾರ ತಿಳಿದ ಮೇಲಷ್ಟೇ ರಾಡ್ ಎತ್ತಿ. ಮೇಲ್ಮೈಯಲ್ಲಿ ನೀರು ಸಿಡಿದ ತಕ್ಷಣವೂ ಎಳೆಯಬಾರದು, ಫ್ಲೈ ಮಾಯವಾಗಿ ಲೈನ್ ಜಗ್ಗುವುದು ಕೈಗೆ ತಿಳಿಯುವವರೆಗೆ ತಡೆದುಕೊಳ್ಳಬೇಕು. ತಪ್ಪಿಸಿಕೊಂಡ ಮೀನಿಗಾಗಿ ಫ್ಲೈಯನ್ನು ಅಲ್ಲೇ ಬಿಟ್ಟು ಸ್ವಲ್ಪ ನಡುಗಿಸಿ ನೋಡಿ, ಕೈಯೆಳೆತದಿಂದ ಫ್ಲೈ ಒಂದೆರಡು ಅಡಿ ಮಾತ್ರ ಸರಿದಿರುವುದರಿಂದ ಅದೇ ಮೀನು ಮತ್ತೊಮ್ಮೆ ಬರುವುದುಂಟು.

ಮೀನು ಕೈಗೆ ಬಂದ ಮೇಲೆ

ಕೈ ಒದ್ದೆ ಮಾಡಿಕೊಂಡು ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿದರೆ ಬಾಸ್ ಸುಮ್ಮನಾಗುತ್ತದೆ. ಸಣ್ಣ ಮೀನನ್ನು ನೇರವಾಗಿ ತೂಗುಹಾಕಿ ಹಿಡಿಯಬಹುದು. ದೊಡ್ಡದನ್ನು ದವಡೆಯಿಂದ ಮಾತ್ರ ಅಡ್ಡ ಎತ್ತಿದರೆ ಅದರ ಭಾರವೆಲ್ಲ ದವಡೆಯ ಕೀಲಿನ ಮೇಲೆ ಬಿದ್ದು ಪೆಟ್ಟಾಗುತ್ತದೆ, ಇನ್ನೊಂದು ಕೈಯಿಂದ ಹೊಟ್ಟೆಗೆ ಆಸರೆ ಕೊಡಬೇಕು. ವಸಂತದಲ್ಲಿ ನೀರು 15ರಿಂದ 18 ಡಿಗ್ರಿಗೆ ಬಂದಾಗ ಗಂಡು ಬಾಸ್ ತಳವನ್ನು ಬಾಲದಿಂದ ಗುಡಿಸಿ ಗೂಡು ಮಾಡುತ್ತದೆ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೂ ಅಲ್ಲೇ ನಿಂತು ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತದೆ. ಆ ಕಾವಲುಗಾರನನ್ನು ಎತ್ತಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್ ಮುಂತಾದ ಮೀನುಗಳು ಗೂಡಿಗೆ ನುಗ್ಗುತ್ತವೆ. ತೆಳು ನೀರಿನಲ್ಲಿ ತಟ್ಟೆಯಾಕಾರದ ಬಿಳಿಚಿದ ಗೂಡು ಕಂಡರೆ ಅದರತ್ತ ಫ್ಲೈ ಬೀಸದೆ ಮುಂದೆ ಹೋಗುವುದೇ ಸರಿ.

ಹಿಡಿದ ಬಾಸನ್ನು ಬದುಕಿರುವಾಗಲೇ ಇನ್ನೊಂದು ನೀರಿಗೆ ಒಯ್ದು ಬಿಡುವುದು ಮಾತ್ರ ಎಂದಿಗೂ ಕೂಡದು. ಜಪಾನಿನ ಆಶಿ ಸರೋವರಕ್ಕೆ 1925ರಲ್ಲಿ ತಂದು ಬಿಟ್ಟ ಲಾರ್ಜ್‌ಮೌತ್ ಆ ದೇಶದ ಉದ್ದಗಲಕ್ಕೂ ಹರಡಿ ಸ್ಥಳೀಯ ಮೀನುಗಳಿಗೆ ಕುತ್ತಾಯಿತು. 2005ರಲ್ಲಿ ಜಾರಿಗೆ ಬಂದ ಕಾನೂನಿನಡಿ ಅಲ್ಲಿ ಅದನ್ನು ಜೀವಂತ ಸಾಗಿಸುವುದೇ ಅಪರಾಧ. ಅಮೆರಿಕದ ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸ್ ತೂಕದ ಬಾಸಿನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ ಮೀನು ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿಯೇ ಎಂಬುದು, ಹೊರಗಿನಿಂದ ಬಂದ ಈ ಬೇಟೆಗಾರ ಅಲ್ಲಿ ಎಷ್ಟು ಚೆನ್ನಾಗಿ ಬೇರೂರಿದ್ದಾನೆ ಎಂಬುದನ್ನು ತೋರಿಸುತ್ತದೆ.

ಪ್ರತಿ ಮೀನಿನ ನಂತರ ಲೀಡರ್‌ನ ಕೊನೆಯ ಒಂದಡಿಯನ್ನು ಬೆರಳುಗಳ ನಡುವೆ ಸವರಿ ನೋಡಿ. ಒರಟು ತಾಗಿದರೆ ಆ ತುಂಡನ್ನು ಕತ್ತರಿಸಿ ಹೊಸ ಗಂಟು ಹಾಕಿ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದಾಗ ಜಾರಿದರೆ ಸಣ್ಣ ಅರದಿಂದ ಚೂಪು ಮಾಡಿ. ಒದ್ದೆಯಾದ ಕೂದಲಿನ ಫ್ಲೈಯನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಮನೆಗೆ ಬಂದ ಮೇಲೆ ರಾತ್ರಿಯಿಡೀ ಗಾಳಿಗೆ ತೆರೆದಿಟ್ಟು, ಪೂರ್ತಿ ಒಣಗಿದ ನಂತರವೇ ಡಬ್ಬಿ ಮುಚ್ಚಿ. ತೇವ ಉಳಿದರೆ ಕೊಕ್ಕೆ ತುಕ್ಕು ಹಿಡಿದು, ಪಕ್ಕದಲ್ಲಿರುವ ಬಿಳಿಯ ಬಕ್‌ಟೇಲಿಗೂ ಅದರ ಕಲೆ ಹತ್ತುತ್ತದೆ.